ಕೋಳಿ ಕಾರ್ಖಾನೆಯ ದುಭಾಷಿ

ಮೂಳೆ ಬಿಡಿಸುವ ಸಾಲಿನಲ್ಲಿ ನಿಂತಿದ್ದ ಮಿಕೇಲಾ ಎಂಬ ಹೆಂಗಸು ಕಕ್ಕಸಿಗೆ ಹೋಗಬೇಕೆಂದು ಮೂರು ಸಲ ಕೈಯೆತ್ತಿದಳು. ಮೇಸ್ತ್ರಿ ಬೆಟೊ ಮೂರು ಸಲವೂ ಬಿಡಲಿಲ್ಲ. ಅವಳು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಜನ ತಿನ್ನುವ ಮಾಂಸ ಇರುವ ಕಡೆ ಗಲೀಜು ಮಾಡಿದಳೆಂದು ಅವತ್ತೇ ಅವಳನ್ನು ಕೆಲಸದಿಂದ ತೆಗೆದರು.

ಅವಳ ಪಕ್ಕದಲ್ಲಿ ಕತ್ತರಿ ಹಿಡಿದು ನಿಂತಿದ್ದವಳು ರೊಸೆಂದಾ. ತನ್ನ ಬೂಟಿನ ಪಕ್ಕದಲ್ಲೇ ಹರಿದು ಮೋರಿಗಿಳಿದದ್ದನ್ನು ಅವಳು ನೋಡಿದಳು. ಕೈ ನಿಲ್ಲಿಸಲಿಲ್ಲ. ಕೈ ನಿಲ್ಲಿಸಿದರೆ ಮುಂದಿನ ಕೋಳಿ ತಪ್ಪುತ್ತದೆ, ಅದರ ಹಿಂದಿನದೂ ತಪ್ಪುತ್ತದೆ.

"ಬೆಟ್ಟದ ಕತ್ತೆಗಳಾ," ಎಂದು ಬೆಟೊ ಸಾಲಿನುದ್ದಕ್ಕೂ ಕೂಗುತ್ತ ನಡೆದ. "ಊರಲ್ಲಿ ಪೊದೆ ಮರೆಗೆ ಕೂರ್ತಿದ್ದ ಮುಂಡೇರು, ಇಲ್ಲಿ ಬಂದು ಗಳಿಗೆಗೊಂದ್ಸಲ ಬಿಳೀ ಕಕ್ಕಸು ಬೇಕಂತೆ. ನೀರು ಕುಡಿಯೋದು ಬಿಡ್ರೇ, ತಾನೇ ನಿಲ್ತದೆ."

ಅವನು ಸ್ಪ್ಯಾನಿಷಿನಲ್ಲಿ ಬೈದದ್ದು ಆ ಹೆಂಗಸರಿಗೆ ಅರ್ಧ ಅರ್ಥವಾಯಿತು. ಅವರೆಲ್ಲ ಗ್ವಾಟೆಮಾಲಾದ ಬೆಟ್ಟಗಳಿಂದ ಜಾರ್ಜಿಯಾ ರಾಜ್ಯಕ್ಕೆ ದುಡಿಯಲು ಬಂದವರು. ಮನೆಯಲ್ಲಾಡುವುದು ಮಾಮ್ ಭಾಷೆ. ಉಳಿದರ್ಧವನ್ನು ಅವನ ಮೋರೆ ನೋಡಿಯೇ ತಿಳಿದುಕೊಂಡರು. ನೀರು ಕುಡಿಯುವುದನ್ನು ಅವರು ಎಂದೋ ಬಿಟ್ಟಿದ್ದರು. ಅದು ಸಾಲದೆ ಈಗ ದೊಡ್ಡವರ ಡೈಪರ್ ಕಟ್ಟಿಕೊಂಡು ಬರುತ್ತಿದ್ದರು.

ರೊಸೆಂದಾಗೆ ಅದನ್ನು ತಂದುಕೊಡುತ್ತಿದ್ದವಳು ಮಗಳು ಡೆಲ್ಮಿ. ಅಂಗಡಿಯ ಹುಡುಗಿ ಪ್ರತಿ ಸಲವೂ ಕೇಳುವಳು, "ಅಜ್ಜಿಗಾ?" ಡೆಲ್ಮಿ ಪ್ರತಿ ಸಲವೂ ಹೇಳುವಳು, "ಹ್ಞೂ, ಅಜ್ಜಿಗೆ."

ಅದೇ ವಾರ ಡೆಲ್ಮಿ ಕಾಲೇಜಿಗೂ ಹೋಗಿಬಂದಿದ್ದಳು. ನರ್ಸಿಂಗ್‌ಗೆ ಸೀಟು ಸಿಕ್ಕಿತ್ತು. ಕಾಲೇಜು ಅವರ ಟ್ರೈಲರ್ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಫೀಸು ಕಟ್ಟುವ ಕಿಟಕಿಯಲ್ಲಿ ಕೂತಿದ್ದ ಹೆಂಗಸು ಕಂಪ್ಯೂಟರ್ ನೋಡಿ ಲೊಚಗುಟ್ಟಿದಳು.

"ನೀನು ಹೊರರಾಜ್ಯದವಳು ಅಂತ ತೋರಿಸ್ತಾ ಇದೆ. ಫೀಸು ಮೂರು ಪಟ್ಟಾಗುತ್ತೆ."

"ನಾನು ಒಂದನೇ ಕ್ಲಾಸಿಂದ ಇಲ್ಲೇ ಓದಿರೋದು ಮೇಡಂ. ಇದೇ ಊರಲ್ಲಿ."

"ನಿನ್ಹತ್ರ ಈ ದೇಶದಲ್ಲಿರೋಕೆ ಕಾಗದ ಇಲ್ವಲ್ಲಮ್ಮ. ಕಾಗದ ಇಲ್ದಿದ್ರೆ ಹೊರರಾಜ್ಯ."

"ಯಾವ ರಾಜ್ಯ?"

"ಯಾವುದೂ ಇಲ್ಲ. ಬರೀ ಹೊರಗಿನದು."

"ಸಾಲ ಏನಾದ್ರೂ ಸಿಗುತ್ತಾ?"

ಆ ಹೆಂಗಸು ಆಗಲೇ ಹಿಂದಿನವನ ಕಡೆ ನೋಡುತ್ತಿದ್ದಳು. "ಸಾಲ ಜಾರ್ಜಿಯಾದವರಿಗೇ ಸಿಗ್ತಿಲ್ಲ. ಮುಂದೆ ಬನ್ನಿ."

ಅವ್ವನ ಬೆನ್ನಿನ ಶಾಲಿನಲ್ಲಿ ಮಲಗಿಕೊಂಡು ಗಡಿ ದಾಟಿದ ಡೆಲ್ಮಿಗೆ ಜಾರ್ಜಿಯಾದ ಕೆಂಪು ಮಣ್ಣು ಬಿಟ್ಟರೆ ಬೇರೆ ಮಣ್ಣಿನ ನೆನಪಿಲ್ಲ. ಮನೆಗೆ ಬಂದು, ಸೀಟು ಸಿಕ್ಕಿದೆ, ಫೀಸು ಸಿಕ್ಕಿಲ್ಲ ಎಂದಷ್ಟೇ ಹೇಳಿದಳು. ರೊಸೆಂದಾ ಭಾನುವಾರವೂ ಕೆಲಸಕ್ಕೆ ಹೋಗಲು ಶುರುಮಾಡಿದಳು.

ಅಷ್ಟರಲ್ಲಿ ಕಾರ್ಖಾನೆಯ ಹಿಂದಿನ ತೊಟ್ಟಿಯಲ್ಲಿ ರಾಶಿಬಿದ್ದ ಡೈಪರುಗಳ ಫೋಟೊ ಯಾವುದೋ ಪೇಪರಿನಲ್ಲಿ ಬಂತು. ಕೋಳಿ ಕೊಳ್ಳುವ ದೊಡ್ಡ ಅಂಗಡಿಗಳವರು ಕಳವಳಗೊಂಡರು. ತಮ್ಮ ಕಡೆಯಿಂದ ಒಬ್ಬ ಪರಿಶೀಲಕಿಯನ್ನು ಕಳಿಸಿದರು. ಆಕೆ ಕರೆತಂದ ಸ್ಪ್ಯಾನಿಷ್ ದುಭಾಷಿಯ ಮುಂದೆ ಹೆಂಗಸರು ಬರೀ ತಲೆಯಾಡಿಸಿ ಎದ್ದುಹೋದರು. ಮಾಮ್ ಬಲ್ಲವರು ಬೇಕು ಎಂದು ಆಕೆ ಹೇಳಿದಳು. ಮ್ಯಾನೇಜರ್ ಕರ್ಟಿಸ್‌ಗೆ ಇಂಗ್ಲಿಷೂ ಬಲ್ಲ ರೊಸೆಂದಾಳ ಮಗಳು ಡೆಲ್ಮಿಯ ನೆನಪಾಯಿತು.

ಅವನು ಅವಳನ್ನು ತನ್ನ ಕೋಣೆಗೆ ಕರೆಸಿ ಕುರ್ಚಿ ಕೊಟ್ಟ. ಬೆಟೊ ಬಾಗಿಲ ಬಳಿ ನಿಂತು ಹಲ್ಲು ಕೆದಕುತ್ತಿದ್ದ.

"ನರ್ಸಿಂಗ್ ಸೀಟು ಅಂತೆ. ಬಹಳ ಸಂತೋಷ ಆಯ್ತಮ್ಮ. ಚರ್ಚಲ್ಲಿ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಿಸ್ದೆ. ನಮ್ಮ ಕಂಪನೀಲಿ ಓದೋ ಮಕ್ಕಳಿಗೆ ಅಂತಾನೆ ದುಡ್ಡು ತೆಗೆದಿಟ್ಟಿದ್ದಾರೆ. ಓದು ಮುಗಿಯೋವರೆಗೂ ಕಟ್ತಾರೆ."

"ಕಾಗದ ಕೇಳಲ್ವಾ ಸರ್?"

ಕರ್ಟಿಸ್ ನಕ್ಕ. "ನಾವು ಯಾವತ್ತಮ್ಮ ಕಾಗದ ಕೇಳಿದ್ದೀವಿ? ಇಷ್ಟು ವರ್ಷದಿಂದ ನಿಮ್ಮಮ್ಮನ್ನ ಬ್ರೆಂಡಾ ಅಂತ ಕರೀತಿದ್ದೀನಿ, ಓ ಅಂತಾಳೆ. ಸರಿಹೋಗಿದೆ. ಬೇರೆ ಹೆಸರಲ್ಲಿ ಕರೆಯೋ ಹಾಗಾದ್ರೆ ನನಗೂ ಮನಸ್ಸಿಗೆ ನೋವೇ."

ಬ್ರೆಂಡಾ ಎಂಬುದು ರೊಸೆಂದಾ ಕೆಲಸಕ್ಕಾಗಿ ಕಳ್ಳ ಕಾಗದದ ಜೊತೆ ಕೊಂಡುಕೊಂಡ ಹೆಸರು. ಯಾರಿಂದ ಕೊಂಡಳೋ ಅವನು ಬೆಟೊನ ಭಾವ.

"ನಾನೇನು ಮಾಡ್ಬೇಕು?"

"ನಿಮ್ಮವರು ಹೇಳಿದ್ದನ್ನ ಆಯಮ್ಮಂಗೆ ಇಂಗ್ಲಿಷಲ್ಲಿ ಹೇಳೋದು. ಅಷ್ಟೇ. ಬೆಟ್ಟದ ಜನ, ಮಾತು ಒರಟು. ಸ್ವಲ್ಪ ನಯ ಮಾಡಿ ಹೇಳು. ಕೇಳಿದಾಗೆಲ್ಲ ಕಕ್ಕಸಿಗೆ ಬಿಡ್ತಾರೆ, ಮಿಕೇಲಾಗೆ ಕುಡಿಯೋ ಚಟ ಇತ್ತು. ಇಷ್ಟು ಗೊತ್ತಾದ್ರೆ ಸಾಕು ಆಕೆಗೆ."

"ಮಿಕೇಲಾ ಚಿಕ್ಕವ್ವ ಕುಡಿಯಲ್ಲ."

"ನೀರೇ ಕುಡಿಯಲ್ಲ ಅವಳು," ಎಂದ ಬೆಟೊ. ತನ್ನ ಮಾತಿಗೆ ತಾನೇ ಹೊಟ್ಟೆ ಕುಣಿಸಿ ನಕ್ಕ.

ಸಂಜೆ ರೊಸೆಂದಾ ಬಿಸಿನೀರಿನ ಬೋಗುಣಿಯಲ್ಲಿ ಕೈಯಿಟ್ಟು ಕೂತಳು. ಕತ್ತರಿ ಹಿಡಿದು ಹಿಡಿದು ಕೊಕ್ಕೆಯಂತೆ ಬಾಗಿದ ಬೆರಳುಗಳನ್ನು ಡೆಲ್ಮಿ ಒಂದೊಂದಾಗಿ ಬಿಡಿಸುತ್ತಿದ್ದಳು. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಕೈಗಳಿಂದ ಹಸಿ ಕೊಬ್ಬಿನ ವಾಸನೆ ಹೋಗುತ್ತಿರಲಿಲ್ಲ. ಪಕ್ಕದ ಟ್ರೈಲರಿನಿಂದ ಮಿಕೇಲಾ ಬಂದು ಹೊಸ್ತಿಲಲ್ಲೇ ನಿಂತಳು. ಕರೆದರೂ ಒಳಗೆ ಬರಲಿಲ್ಲ. ಕೆಲಸ ಹೋದ ದಿನದಿಂದ ಅವಳು ಯಾರ ಮನೆಯಲ್ಲೂ ಕೂತಿರಲಿಲ್ಲ.

"ನಾಳೆ ನೀನೇ ಅಂತಲ್ಲ ಮಗಾ, ಮಾತು ದಾಟಿಸೋಳು."

"ಹ್ಞೂ ಚಿಕ್ಕವ್ವ."

"ಕೆಲಸ ವಾಪಸ್ ಕೊಡೂಂತ ಕೇಳ್ಬೇಡ. ಹಾಳಾಗೋಗ್ಲಿ ಅದು. ನಾನು ಗಲೀಜು ಹೆಂಗ್ಸಲ್ಲ ಅಂತ ಒಂದ್ಮಾತು ಯಾರಾದ್ರೂ ಹೇಳ್ಲಿ. ಅಂಗಡೀಲಿ ನನ್ನ ನೋಡಿ ಮೂಗು ಮುಚ್ಕೋತವೆ ಕಣೆ, ನನ್ ಜೊತೇಲಿ ದುಡ್ದವೇ."

ಅವಳು ಹೋದ ಮೇಲೆ ರೊಸೆಂದಾ ನೀರಿನಿಂದ ಕೈ ತೆಗೆದಳು.

"ಕರ್ಟಿಸ್ ಏನಂದ ಅಂತ ಬೆಟೊ ನಂಗೂ ಹೇಳವ್ನೆ."

"ನಾನ್ ಹೋಗಲ್ಲ ಅವ್ವ."

"ಹೋಗ್ತೀಯ. ಅವಳ ಪ್ಯಾಂಟು ಅವತ್ತೇ ಒಣಗ್ತು. ನಿನ್ ಕಾಲೇಜು ಇನ್ನೊಂದ್ಸಲ ಬರ್ತದಾ?"

"ನೀನೂ ಡೈಪರ್ ಕಟ್ಕಂಡು ನಿಲ್ತೀಯಲ್ಲ ದಿನಾ."

"ನಾನ್ ನಿಲ್ತಾ ಇರೋದು ಯಾತಕ್ಕೆ? ನೀನು ನಿಲ್ಬಾರ್ದು ಅಂತ." ರೊಸೆಂದಾ ದನಿ ತಗ್ಗಿಸಿದಳು. "ನೋಡು, ನನ್ನೇ ಕೇಳ್ತಾರಂತೆ. ಸುಳ್ಳು ಹೇಳೋಳು ನಾನು. ಪಾಪ ಬಂದ್ರೆ ನಂಗೆ ಬರ್ಲಿ. ನೀನು ಬರೀ ದಾಟ್ಸು. ಅದ್ರಲ್ಲಿ ನಿಂದೇನೈತೆ?"

ಬೋಗುಣಿಯ ನೀರಿನ ಮೇಲೆ ಜಿಡ್ಡು ತೇಲುತ್ತಿತ್ತು. ಡೆಲ್ಮಿ ಅದನ್ನು ಹೊರಗೆ ಚೆಲ್ಲಿಬಂದಳು.

ಮಾರನೆಯ ದಿನ ಮಧ್ಯಾಹ್ನ, ಕಾರ್ಖಾನೆಯ ಮೀಟಿಂಗ್ ಕೋಣೆ. ಮೇಜಿನ ನಡುವೆ ತಟ್ಟೆತುಂಬ ಕರಿದ ಕೋಳಿ, ಪಕ್ಕದಲ್ಲಿ ಪೇಪರ್ ಕರವಸ್ತ್ರ. ಪರಿಶೀಲಕಿ ಒಳ್ಳೆಯ ಹೆಂಗಸಿನಂತಿದ್ದಳು. ಡೆಲ್ಮಿಯ ಕೈಕುಲುಕಿ, ಇಂಗ್ಲಿಷ್ ಎಷ್ಟು ಚೆನ್ನಾಗಿ ಮಾತಾಡ್ತೀಯ ಎಂದಳು. ಕರ್ಟಿಸ್ ಪರಿಶೀಲಕಿಯ ತಟ್ಟೆಗೆ ಇನ್ನೊಂದು ತೊಡೆ ಹಾಕಿ, "ನಮ್ಮಲ್ಲೇ ಬೆಳಗ್ಗೆ ಕತ್ತರಿಸಿದ್ದು ಮೇಡಂ," ಎಂದ.

ರೊಸೆಂದಾಳನ್ನು ಬೆಟೊ ಸಾಲಿನಿಂದ ನೇರವಾಗಿ ಕರೆತಂದು ಬಾಗಿಲ ಬಳಿ ನಿಂತ. ಅವಳು ಪ್ಲಾಸ್ಟಿಕ್ ಅಂಗಿ ಕಳಚಿದ್ದಳು, ತಲೆಗವುಸು ಹಾಗೇ ಇತ್ತು. ಕುರ್ಚಿಯ ತುದಿಯಲ್ಲಿ, ಒಂದು ಪಕ್ಕಕ್ಕೆ ವಾಲಿ ಕೂತಳು.

"ಕಕ್ಕಸಿಗೆ ಹೋಗಲು ಇವರಿಗೆ ಅನುಮತಿ ಸಿಗುತ್ತದೆಯೇ, ಕೇಳಮ್ಮ," ಎಂದಳು ಪರಿಶೀಲಕಿ.

ಡೆಲ್ಮಿ ಮಾಮ್‌ನಲ್ಲಿ ಕೇಳಿದಳು.

ರೊಸೆಂದಾ ಮಗಳ ಮುಖ ನೋಡದೆ, ಮೇಜಿನ ಮೇಲಿನ ತಟ್ಟೆ ನೋಡುತ್ತ ಹೇಳಿದಳು: "ಬಿಡ್ತಾರೆ ಅನ್ನು. ಕೇಳ್ದಾಗೆಲ್ಲ ಬಿಡ್ತಾರೆ. ಒಂದಿನಾನೂ ಬ್ಯಾಡ ಅಂದೋರಲ್ಲ. ಮಿಕೇಲಾ ಕುಡ್ಕಂಡು ಬರ್ತಿದ್ಲು, ಅದಕ್ಕೇ ಹಂಗಾಯ್ತು ಅನ್ನು."

ಹೇಳುತ್ತ ಹೇಳುತ್ತ ಅವಳು ಇನ್ನೊಂದು ಪಕ್ಕಕ್ಕೆ ವಾಲಿದಳು. ಆಗ ಬಂತು ವಾಸನೆ. ಕರಿದ ಎಣ್ಣೆಯ, ಮಸಾಲೆಯ ವಾಸನೆಯ ಅಡಿಯಿಂದ ಹುಳಿಹುಳಿಯಾಗಿ ಎದ್ದು ಬಂತು. ಬೆಳಗಿನಿಂದ ಕಟ್ಟಿಕೊಂಡು ತುಂಬಿ ತೊಟ್ಟಿಕ್ಕುವಂತಾದ ಡೈಪರಿನ ವಾಸನೆ. ಪರಿಶೀಲಕಿ ಮೂಗು ಸುಕ್ಕಿಸಿ ಕಿಟಕಿಯ ಕಡೆ ನೋಡಿದಳು.

"ಗೊಬ್ಬರದ ಲಾರಿ ಇರ್ಬೇಕು ಮೇಡಂ," ಎಂದ ಕರ್ಟಿಸ್. ಎದ್ದು ಕಿಟಕಿ ಮುಚ್ಚಿದ.

ವಾಸನೆ ಈಗ ಕೋಣೆಯೊಳಗೇ ಉಳಿಯಿತು. ರೊಸೆಂದಾ ತೊಡೆ ಒತ್ತಿಕೊಂಡು ಕೂತಿದ್ದಳು. ಕತ್ತಿನಿಂದ ಕಿವಿಯವರೆಗೆ ಕೆಂಪೇರಿತ್ತು. ಡೆಲ್ಮಿಗೆ ಹೇಸಿಗೆಯಾಯಿತು. ಅವ್ವನ ಬಗ್ಗೆ ಅಲ್ಲ. ಆ ತಟ್ಟೆ ನೋಡಿ, ಬೆರಳು ನೆಕ್ಕುತ್ತಿದ್ದ ಪರಿಶೀಲಕಿಯ ಬಾಯಿ ನೋಡಿ, ನೀಟಾಗಿ ಇಸ್ತ್ರಿಯಾಗಿದ್ದ ಕರ್ಟಿಸ್‌ನ ಅಂಗಿ ನೋಡಿ ಆದದ್ದು. ಬಿಳಿ ಬಟ್ಟೆ ತೊಟ್ಟು ಕಾಲೇಜಿನ ಬೆಂಚಿನ ಮೇಲೆ ಕೂತ ತನ್ನನ್ನೇ ಒಂದು ಕ್ಷಣ ಕಂಡಳು. ಆ ಬೆಂಚೂ ಹೀಗೇ ನಾರುತ್ತಿತ್ತು.

"ಏನಂದ್ರು ಇವರು?" ಪರಿಶೀಲಕಿ ಪೆನ್ನು ಹಿಡಿದು ಕೇಳಿದಳು.

ಡೆಲ್ಮಿ ಅವ್ವನ ಬಾಗಿದ ಬೆರಳುಗಳನ್ನು ನೋಡಿದಳು.

"ಹೇಳಮ್ಮ," ಎಂದ ಕರ್ಟಿಸ್, ಬಹಳ ಮೆತ್ತಗೆ. "ನಿಮ್ಮಮ್ಮ, ಬ್ರೆಂಡಾ, ಎಷ್ಟು ಸ್ಪಷ್ಟವಾಗಿ ಹೇಳಿದ್ಲು."

"ಹೇಳೆ," ಎಂದಳು ರೊಸೆಂದಾ ಮಾಮ್‌ನಲ್ಲಿ. "ನಿನ್ನ ಕಾಲು ಹಿಡೀತೀನಿ, ಹೇಳ್ಬಿಡೆ ಮಗಾ. ನಾನ್ ಹೇಳಾಯ್ತು. ಇನ್ನ ನೀನು ಹೇಳೋದೊಂದೇ."

"ನಿನಗೆ ಅರ್ಥವಾಗಲಿಲ್ಲವೇನಮ್ಮ?" ಪರಿಶೀಲಕಿ ಕನಿಕರದಿಂದ ಕೇಳಿದಳು. "ಇನ್ನೊಂದು ಸಲ ಹೇಳಿಸೋಣವೇ?"

"ಅರ್ಥ ಆಯ್ತು," ಎಂದಳು ಡೆಲ್ಮಿ ಇಂಗ್ಲಿಷಿನಲ್ಲಿ. ಆಮೇಲೆ ಅವ್ವನ ಕಡೆ ತಿರುಗಿ ಅದನ್ನೇ ಮಾಮ್‌ನಲ್ಲಿ, ಬೆಟೊನ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ ಹೇಳಿದಳು.

"ಹಾಗಾದ್ರೆ ಹೇಳು," ಎಂದ ಕರ್ಟಿಸ್.

"ಹೇಳಲ್ಲ."