ಎಲುಬಕ್ಕ ಕಂಡ ಹುಟ್ಟದ ಪ್ರಾಣಿಗಳು

ಮ್ಯೂಸಿಯಮ್ಮಿನ ಉದ್ದನೆಯ ಪಡಸಾಲೆಯಲ್ಲಿ ಆಕೆ ನಡೆದುಬರುವ ರೀತಿಯನ್ನು ನೋಡಿಯೇ, ಆ ವಾರ ಹಿಂದಿನ ಕೋಣೆಯಲ್ಲಿ ಯಾವ ಪ್ರಾಣಿಯ ಅಸ್ಥಿಪಂಜರ ಸಿದ್ಧವಾಗುತ್ತಿದೆಯೆಂದು ಬಾಗಿಲ ಕಾವಲುಗಾರ ಹೇಳಿಬಿಡುತ್ತಿದ್ದ. ಒಂಟೆಯ ಕೆಲಸವಿದ್ದರೆ ಬಲಗಾಲಿನೊಡನೆ ಬಲಗೈಯೂ ಮುಂದೆ ಬರುತ್ತಿತ್ತು. ಕೊಕ್ಕರೆಯಾದರೆ ಎತ್ತಿದ ಹೆಜ್ಜೆಯನ್ನು ಗಾಳಿಯಲ್ಲಿ ಒಂದು ಕ್ಷಣ ಹಿಡಿದು, ಏನೋ ಯೋಚಿಸಿ, ಆಮೇಲೆ ಊರುತ್ತಿದ್ದಳು. ಕರಡಿಯಾದರೆ ಭುಜ ತೂಗುತ್ತ, ಪಾದವನ್ನೆಲ್ಲ ನೆಲಕ್ಕೆ ಒಪ್ಪಿಸಿ ಬರುತ್ತಿದ್ದಳು. ಬೇಕೆಂದು ಮಾಡಿದ ಅಭಿನಯವಲ್ಲ ಅದು. ಕೀಲು ಹೇಗೆ ಮಡಚುತ್ತದೆಂದು ತನ್ನ ಮೈಯನ್ನೇ ಕೇಳಿ ತಿಳಿಯುವವರೆಗೆ ತಂತಿ ಬಿಗಿಯುವುದಿಲ್ಲವೆಂಬುದು ಆಕೆಯ ಹಟ. ಇಪ್ಪತ್ತಾರು ವರ್ಷ ಎಲುಬು ಜೋಡಿಸಿದ ಆಕೆಗೆ ಅಲ್ಲಿಯವರೆಲ್ಲ ಇಟ್ಟ ಹೆಸರು ಎಲುಬಕ್ಕ.

ಎರಡು ಅಳತೆ ದೊಡ್ಡದಾದ ಬೂದುಬಣ್ಣದ ಕೋಟಿನ ಜೇಬಿನಲ್ಲಿ ಇಕ್ಕಳ, ತಂತಿಯ ಸುರುಳಿ, ಪೆಪ್ಪರಮೆಂಟು, ಒಮ್ಮೊಮ್ಮೆ ಯಾವುದೋ ಬೆಕ್ಕಿನ ಬೆನ್ನೆಲುಬಿನ ಮಣಿ ಇರುತ್ತಿದ್ದವು. ಪೆಪ್ಪರಮೆಂಟೆಂದುಕೊಂಡು ಮಣಿಯನ್ನೇ ಎರಡು ಸಲ ಬಾಯಿಗೆ ಹಾಕಿಕೊಂಡಳೆಂಬ ಕಥೆಯನ್ನು ಆಕೆ ಅಲ್ಲಗಳೆಯುತ್ತಿರಲಿಲ್ಲ. “ಎರಡಲ್ಲ, ಒಂದೇ ಸಲ” ಎಂದು ತಿದ್ದುತ್ತಿದ್ದಳಷ್ಟೆ.

ಕೆಲಸದ ನಡುವೆ ಕೈ ತಾನಾಗಿ ನಿಲ್ಲುತ್ತಿತ್ತು, ಕಣ್ಣು ಎಲ್ಲಿಯೋ ಹೋಗುತ್ತಿತ್ತು, ಆಗ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಹೀಗಲ್ಲದೆ ಹಾಗಾಗಿದ್ರೆ?” ಕುದುರೆ ಓಡುವುದು ಕಾಲಿಗೊಂದೇ ಬೆರಳಿನ ಮೇಲೆ, ಉಳಿದ ಬೆರಳುಗಳು ಯುಗಯುಗಗಳ ಹಾದಿಯಲ್ಲಿ ಕರಗಿಹೋದವು. ಕರಗದೆ ಉಳಿದಿದ್ದರೆ? ಬಾವಲಿಯ ಪಾಲಿಗೆ ಹಗಲೂ ಹಕ್ಕಿಯ ಪಾಲಿಗೆ ಇರುಳೂ ಬಂದಿದ್ದರೆ? ನೆಲದ ಸೆಳೆತ ಅರ್ಧಕ್ಕರ್ಧ ಕಡಿಮೆಯಿದ್ದ ಲೋಕದಲ್ಲಿ ಆನೆ ಕಂಬಗಾಲಿನ ಗೋಜಿಗೇ ಹೋಗದೆ, ಜಿಂಕೆಯಂತೆ ಸಪುರ ಕಾಲೂರಿ ಮರಗಳನ್ನು ದಾಟುತ್ತಿತ್ತೇನೋ.

ಈ ಪ್ರಶ್ನೆಗಳಿಗೆ ಪಾಲುದಾರಳೊಬ್ಬಳಿದ್ದಳು: ಆಕೆಯ ತಂಗಿ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವಳು, ಮೆಟ್ಟಿಲಿನಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಮೇಲೆ, ನಾಲ್ಕು ವರ್ಷಗಳಿಂದ ಮೂರನೆಯ ಮಹಡಿಯ ಆ ಎರಡು ಕೋಣೆಗಳ ಮನೆಯನ್ನು ಬಿಟ್ಟು ಇಳಿದಿರಲಿಲ್ಲ. ಸಂಜೆ ಅಕ್ಕ ಕೋಟು ಕಳಚುವುದನ್ನೇ ಕಾಯುತ್ತಿದ್ದು, “ಇವತ್ತು ಗಾಳಿ ಜೇನುತುಪ್ಪದಷ್ಟು ಗಟ್ಟಿ” ಎಂದೋ, “ಇವತ್ತು ಸೂರ್ಯ ಎರಡು” ಎಂದೋ ಒಂದು ಲೋಕದ ಕಟ್ಟಳೆಯನ್ನು ಹೊರಡಿಸುವಳು. ಆ ಲೋಕಕ್ಕೆ ತಕ್ಕ ಪ್ರಾಣಿಯನ್ನು ಅಕ್ಕ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅನ್ನ ಬೇಯುವಷ್ಟರಲ್ಲಿ ಒಂದು ವಂಶವೇ ಹುಟ್ಟಿ, ಕವಲೊಡೆದು, ಕೆಲವೊಮ್ಮೆ ಅಳಿದೂ ಹೋಗುತ್ತಿತ್ತು.

ಆ ನೋಟ್‌ಬುಕ್ಕನ್ನು ಒಂದು ದಿನ ಹೊಸ ನಿರ್ದೇಶಕರು ಕೆಲಸದ ಮೇಜಿನ ಮೇಲೆ ಕಂಡರು. ನೋಡುವವರಿಲ್ಲದೆ ಮ್ಯೂಸಿಯಂ ಬಿಕೋ ಎನ್ನುತ್ತಿದ್ದ ಕಾಲ. ಅವರ ಕಣ್ಣು ಹೊಳೆಯಿತು.

“ಗೋದಾಮಲ್ಲಿ ಚೀಟಿ ಕಳೆದುಹೋದ ಎಲುಬು ರಾಶಿ ಬಿದ್ದಿದೆಯಲ್ಲ ಮೇಡಂ. ಅದ್ರಲ್ಲೇ ಇವನ್ನ ಮಾಡಿ ನಿಲ್ಸಿ. ಎಲ್ಲೋ ಸಿಕ್ತು ಅಂದ್ಬಿಡೋಣ. ಜನ ಮುಗಿಬೀಳ್ತಾರೆ.”

“ಆಗಲ್ಲ ಸಾರ್,” ಎಂದಳು ಎಲುಬಕ್ಕ. “ಬದುಕಿ ಸತ್ತಿದ್ದರ ಎಲುಬು ಅವು. ಹುಟ್ಟದೇ ಇರೋದಕ್ಕೆ ಅದನ್ನ ಕೊಟ್ರೆ ಎರಡಕ್ಕೂ ಮೋಸ.”

“ಹಾಗಾದ್ರೆ ಎಲುಬಿನ ಕೋಣೆ ಮುಚ್ಚಬೇಕಾಗುತ್ತೆ. ಯೋಚನೆ ಮಾಡಿ.”

ಅಂದು ಆಕೆ ಯಾವ ಪ್ರಾಣಿಯಂತೆಯೂ ನಡೆಯದೆ, ದಣಿದ ಹೆಂಗಸಿನಂತೆ ನಡೆದು ಮನೆಗೆ ಬಂದಳು. ನಡೆದುದನ್ನು ಹೇಳಿದಳು. ತಂಗಿ ನಿರ್ದೇಶಕರನ್ನು ಬೈಯುವಳೆಂದುಕೊಂಡಿದ್ದಳು, ಇಲ್ಲದ್ದನ್ನು ಇದೆಯೆಂದು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದವಳು ಅವಳು. ತಂಗಿ ಹೊದಿಕೆಯ ಅಂಚು ಮಡಚುತ್ತ ಅಂದಳು:

“ನೀನು ಹೇಳಿದ್ದು ಸರಿ. ಆದ್ರೂ ಅಕ್ಕಾ, ಅವುಗಳಲ್ಲಿ ಒಂದನ್ನಾದ್ರೂ ಕೈಯಲ್ಲಿ ಮುಟ್ಟಿ ನೋಡ್ಬೇಕು ಅನ್ಸುತ್ತೆ.”

ನಾಲ್ಕು ವರ್ಷದಲ್ಲಿ ತಂಗಿ ಕೇಳಿದ ಮೊದಲ ವಸ್ತು ಅದು. ಮರುದಿನವೇ ಎಲುಬಕ್ಕ ನಿರ್ದೇಶಕರ ಮುಂದೆ ನಿಂತಳು. ಮಾಡುತ್ತೇನೆ, ಆದರೆ ಬೆತ್ತ, ತಂತಿ, ಕಾಗದಗಳಲ್ಲಿ. ಇದು ಎಲ್ಲಿಯೂ ಹುಟ್ಟಲಿಲ್ಲವೆಂಬ ಫಲಕವನ್ನೂ ತೂಗುಹಾಕಬೇಕು. ಅವರು ಗೊಣಗಿ ಒಪ್ಪಿದರು.

ಎರಡು ತಿಂಗಳು ಬೆತ್ತವನ್ನು ಆವಿಯಲ್ಲಿ ಬಾಗಿಸಿ ಪಕ್ಕೆಲುಬುಗಳನ್ನು ಹೂಡಿದಳು. ಕಡಲು ಮೆಲ್ಲಮೆಲ್ಲನೆ ಏರಿ ಹುಲ್ಲುಗಾವಲುಗಳನ್ನೆಲ್ಲ ನುಂಗಿದ ಲೋಕವೊಂದರಲ್ಲಿ, ಊರು ಬಿಡಲೊಲ್ಲದೆ ನೀರಿನಲ್ಲೇ ನಿಂತ ಕುದುರೆ ಅದು: ಕರಗಿದ್ದ ಬೆರಳುಗಳು ಮರಳಿ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು, ಕತ್ತು ನೀಳವಾಗಿ ಕಡಲಪಾಚಿಯತ್ತ ಬಾಗಿತ್ತು. ಪಡಸಾಲೆಯ ಸೂರಿನಿಂದ, ಎದೆಯೆತ್ತರಕ್ಕೆ ತೂಗುಬಿಟ್ಟಾಗ, ಕಿಟಕಿಯ ಬೆಳಕೆಲ್ಲ ನೀರಾಗಿ ಅದರ ಸುತ್ತ ತುಂಬಿಕೊಂಡಂತಾಯಿತು.

ಕಾವಲುಗಾರನೂ ಕೆಳಮನೆಯ ದರ್ಜಿಯೂ ಕುರ್ಚಿಸಮೇತ ತಂಗಿಯನ್ನು ಮೂರು ಮಹಡಿ ಇಳಿಸಿ ತಂದರು. ಅವಳು ಕುದುರೆಯ ಬೆರಳುಗಳನ್ನು ಸವರಿದಳು. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಿದಳು. ತಲೆಬುರುಡೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದಳು. ಕಣ್ಣು ತುಂಬಿತ್ತು. ಆಗಲೇ ಅವಳೊಳಗಿನ ಹಳೆಯ ಮೇಷ್ಟ್ರಮ್ಮನ ದನಿ ಹೊರಬಂತು:

“ಅಕ್ಕಾ, ನೀರಲ್ಲಿರೋ ಪ್ರಾಣಿಗೆ ಮೂಗಿನ ತೂತು ಇಷ್ಟು ಕೆಳಗಾ? ಉಸಿರು ತಗೊಳ್ಳೋಕೆ ಪ್ರತಿ ಸಲ ತಲೆಯೆಲ್ಲ ಎತ್ತಬೇಕಲ್ಲ. ಸುಸ್ತಾಗಿ ಸಾಯುತ್ತೆ ಪಾಪ!”

ನಿರ್ದೇಶಕರ ಮುಖ ಪೆಚ್ಚಾಯಿತು. ಎಲುಬಕ್ಕ ಪಡಸಾಲೆಯೇ ಮೊಳಗುವಂತೆ ನಕ್ಕು, ಇಕ್ಕಳ ತೆಗೆದು ಅಲ್ಲಿಯೇ ಮೂತಿಯನ್ನು ಬಿಚ್ಚಿದಳು. ತಂಗಿ ತಲೆಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಹಿಡಿದಳು. ಅಕ್ಕ ಮೂಗನ್ನು ನೆತ್ತಿಯ ಬಳಿಗೆ ಏರಿಸಿದಳು. ಸುಳ್ಳಿಗೂ ಇಷ್ಟು ನಿಯತ್ತು ಉಂಟೇ ಎಂದು ದರ್ಜಿ ಗುಂಪಿನಲ್ಲಿ ಯಾರಿಗೋ ಹೇಳುತ್ತಿದ್ದ.

ಜನ ಬಂದರು, ಮುಗಿಬೀಳಲಿಲ್ಲ, ಆದರೆ ಬಂದರು. ಎಲುಬಿನ ಕೋಣೆ ಉಳಿಯಿತು. ತಿಂಗಳಿಗೊಮ್ಮೆ ಕುರ್ಚಿ ಮೆಟ್ಟಿಲಿಳಿಯುವುದು ವಾಡಿಕೆಯಾಯಿತು. ಆ ದಿನಗಳಲ್ಲಿ ತಂಗಿ ತೂಗುವ ಪ್ರಾಣಿಯ ಪಕ್ಕದಲ್ಲಿ ಕೂತು, ಕೇಳಿದವರಿಗೆಲ್ಲ ಪಾಠ ಹೇಳುತ್ತಿದ್ದಳು.

ಇರದ ಲೋಕಗಳನ್ನು ಕನಸುವವರು ಇರುವ ಲೋಕಕ್ಕೆ ಬೆನ್ನು ಹಾಕಿದವರೆಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಒಂದು ಜೀವ ಈಗಿನಂತಾಗದೆ ಬೇರೇನೋ ಆಗಿಬಿಡಲು ಎಷ್ಟು ಸಾವಿರ ತಿರುವುಗಳಿದ್ದವೆಂಬುದನ್ನು ಬಲ್ಲವರು ಅವರು ಮಾತ್ರ. ನಮಗೆ ದಿನವೂ ಕಂಡು ಹಳತಾದದ್ದು ಅವರಿಗೆ ಕೂದಲೆಳೆಯ ಅಂತರದಲ್ಲಿ ಕೈಗೂಡಿದ ಅದೃಷ್ಟ. ಅದಕ್ಕೇ ಇರಬೇಕು, ಕಿಟಕಿಯ ಅಂಚಿಗೆ ಒಂದು ಅಳಿಲು ಬಂದು ಕೂತರೆ, ಇಂಥವರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಅದು ಹೋಗುವವರೆಗೂ ನೋಡುತ್ತಾರೆ.