ಎಂಟು ಗಂಟೆ ಬಸ್ಸಿನ ಜಾತಕ

ಹೊಸದುರ್ಗ ತಾಲ್ಲೂಕಿನ ಕಂಬಳಿಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದ ಓಬಕ್ಕನ ಮಗ ಪಾಲಯ್ಯ ಎಂಥ ಪಂಡಿತನೆಂದರೆ, ಹೆಂಗಸರು ಬಟ್ಟೆ ಒಗೆಯುವ ಕಲ್ಲನ್ನು ಮಗುಚಿ ಹಾಕಿ, ಅದರ ಬೆನ್ನ ಮೇಲಿದ್ದ ಹಳಗನ್ನಡ ಶಾಸನವನ್ನು ಪಂಚಾಯ್ತಿ ನೋಟೀಸಿನಷ್ಟು ಸಲೀಸಾಗಿ ಓದಿಬಿಟ್ಟಿದ್ದ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದವನು. ಎಪ್ಪತ್ನಾಲ್ಕರಲ್ಲಿ ಪಕ್ಕದೂರಿನ ಖಾಸಗಿ ಹೈಸ್ಕೂಲಿಗೆ ಕನ್ನಡ ಮೇಷ್ಟ್ರು ಬೇಕೆಂದು ಗೊತ್ತಾದದ್ದೇ, ಕೆಲಸ ಮಗನದೇ ಎಂದು ಓಬಕ್ಕ ಮೂರು ಓಣಿಗೆ ಬೆಲ್ಲ ಹಂಚಿದಳು.

ಸ್ಕೂಲಿನ ಅಧ್ಯಕ್ಷ ಮುರುಗೇಶಪ್ಪ ಕೊಡೆ ಕೊಳ್ಳುವುದಕ್ಕೂ ಪಂಚಾಂಗ ತೆಗೆಸುವ ಆಸಾಮಿ. ಅಲ್ಲಾಡುವ ಹಲ್ಲು ಕೀಳಿಸಲು ಒಳ್ಳೆಯ ಗಳಿಗೆ ಸಿಗದೆ ಆರು ತಿಂಗಳು ಗಂಜಿ ಕುಡಿದವನು. ಸರ್ಟಿಫಿಕೇಟು ಆಮೇಲೆ ನೋಡೋಣ, ಮೊದಲು ಜಾತಕ ತನ್ನಿ ಎಂದ. ಓಬಕ್ಕನಿಗೆ ಹಿಗ್ಗು. ದೊಡ್ಡವರ ಮಕ್ಕಳಂತೆ ತನ್ನ ಮಗನಿಗೂ ಇರಲೆಂದು ಜೋಯಿಸ ಚಿತ್ರಲಿಂಗಪ್ಪನಿಗೆ ಒಂದು ಮರಿ ಕೊಟ್ಟು ಬರೆಸಿದ ಜಾತಕ ಅವಳ ಪೆಟ್ಟಿಗೆಯಲ್ಲೇ ಇತ್ತು.

ಓದಲು ಬಂದವನೂ ಅದೇ ಚಿತ್ರಲಿಂಗಪ್ಪ. ಕನ್ನಡಕ ಏರಿಸಿ, ವಿದ್ಯೆ ಕೊಡುವ ಬುಧ, ಗುರು ಇಬ್ಬರೂ ಹನ್ನೆರಡನೇ ಮನೆಯಲ್ಲಿ, ಅಂದರೆ ನಷ್ಟದ ಮನೆಯಲ್ಲಿ, ಕೂತಿದ್ದಾರೆ ಎಂದ.

"ಈ ಹುಡುಗಂಗೆ ವಿದ್ಯೆ ಹತ್ತಾಂಗಿಲ್ಲ ಯಜಮಾನ್ರೇ. ಕುರಿ ಕಾಯಾಕೆ ಲಾಯಕ್ಕು."

"ಹತ್ತಿ ಆಗೈತಲ್ಲ ಸ್ವಾಮಿ," ಎಂದು ಪಾಲಯ್ಯ ಎಂ.ಎ. ಕಾಗದ ಚಾಚಿದ.

ಮುರುಗೇಶಪ್ಪ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಅದು ಮನುಷ್ಯರು ಬರ್ದಿದ್ದು ಕಣಪ್ಪ," ಎಂದ.

ತಪ್ಪು ಎಲ್ಲಿ ನಡೆದಿದೆ ಎಂದು ಓಬಕ್ಕನಿಗೆ ಗೊತ್ತಿತ್ತು. ಮಗ ಹುಟ್ಟಿದಾಗ ಹಟ್ಟಿಯಲ್ಲಿ ಗಡಿಯಾರವಿರಲಿಲ್ಲ. ಬೆಳಗಿನ ಬಸ್ಸು ಹಾರನ್ ಹೊಡೆದಾಗ ಹುಟ್ಟಿದ ಎಂದಿದ್ದಳು. ಬಸ್ಸಿನ ಹೊತ್ತು ಎಂಟು ಗಂಟೆ. ಜೋಯಿಸ ಎಂಟು ಎಂದೇ ಬರೆದುಕೊಂಡ. ಅದೋ ಇದ್ದಿಲು ಉರಿಸಿ ಓಡಿಸುವ ಬಸ್ಸು. ಜನ ಅದರೊಳಗೆ ಕೂತದ್ದಕ್ಕಿಂತ ಅದನ್ನು ನೂಕಿದ್ದೇ ಹೆಚ್ಚು.

ಮಾರನೆಯ ದಿನ ಒಂದು ಟಗರು ಹಿಡಿದುಕೊಂಡು ಜೋಯಿಸನ ಮನೆಗೆ ಹೋದಳು. ಮಗ ಹುಟ್ಟಿದ ದಿನ ಬಸ್ಸು ಬಂದದ್ದು ಹೊತ್ತು ನೆತ್ತಿಗೇರಿದ ಮೇಲೆ ಎಂದು ಬಾಯಿಬಿಟ್ಟಳು.

"ಇದುನ್ನ ಆವತ್ತೇ ಹೇಳಾಕೇನಾಗಿತ್ತೇ ನಿಂಗೆ?"

"ಬಸ್ಸು ಬಂದಾಗ್ಲಾ ಅಂತ ಕೇಳಿದ್ರಿ, ಹೂಂ ಅಂದೆ. ತಡವಾಗಿ ಬಂತಾ ಅಂತ ಕೇಳ್ಲಿಲ್ವಲ್ಲ ಸ್ವಾಮಿ."

ಜೋಯಿಸ ಟಗರನ್ನು ನೋಡಿದ, ಮತ್ತೆ ಕವಡೆ ಹರಡಿದ. ಲಗ್ನ ಎರಡು ಮನೆ ಮುಂದೆ ಹೋಯಿತು. ನಷ್ಟದಲ್ಲಿದ್ದ ಬುಧ, ಗುರು ಹತ್ತನೇ ಮನೆಯಲ್ಲಿ, ಕೀರ್ತಿಯ ಮನೆಯಲ್ಲಿ, ಹೊಳೆಯತೊಡಗಿದರು. ಜೋಯಿಸ ತಾನೇ ಸ್ಕೂಲಿಗೆ ಬಂದು ಅಧ್ಯಕ್ಷನ ಮುಂದೆ ಓದಿದ: ನಾಡೇ ಕೊಂಡಾಡುವ ಪಂಡಿತ, ಇಂಥ ಜಾತಕವನ್ನು ನಲವತ್ತು ವರ್ಷದಲ್ಲಿ ಕಂಡಿಲ್ಲ.

ಬಡಿಸಿದ ಮುದ್ದೆಯ ಮೊದಲ ತುತ್ತನ್ನು ನೆಂಟರು ನುಂಗುವುದನ್ನು ನೋಡುವವಳ ಹಾಗೆ ಓಬಕ್ಕ ಮುರುಗೇಶಪ್ಪನ ಮುಖ ನೋಡಿದಳು. ಅವನು ಜಾತಕಕ್ಕೆ ಕೈಮುಗಿದ. ಆಮೇಲೆ ಅದನ್ನು ಮಡಿಸಿ ಅವಳ ಕೈಗೇ ಕೊಟ್ಟ.

"ಅಷ್ಟು ದೊಡ್ಡ ಪಂಡಿತ ನಮ್ಮ ಹಂಚಿನ ಸ್ಕೂಲ್ನಾಗೆ ಎಷ್ಟು ದಿನ ಇರ್ತಾನೆ, ಓಬಕ್ಕ? ಆರು ತಿಂಗ್ಳಿಗೆ ಎದ್ದು ಹೋಗ್ತಾನೆ. ನಮಗೆ ಸಣ್ಣೋರು ಸಾಕು."

ಕೆಲಸ ಮುರುಗೇಶಪ್ಪನ ಬಾಮೈದನಿಗಾಯಿತು. ಬಿ.ಎ.ಯನ್ನು ನಾಲ್ಕು ದಂಡಯಾತ್ರೆಯಲ್ಲಿ ಗೆದ್ದವನು. ಅವನಿಗೆ ಜಾತಕವೇ ಇರಲಿಲ್ಲ, ಹಾಗಾಗಿ ದೋಷವೂ ಇರಲಿಲ್ಲ.

ತಾಯಿ ಮಗ ಬಾಗಿಲು ದಾಟುವಷ್ಟರಲ್ಲಿ ಮುರುಗೇಶಪ್ಪ ಮತ್ತೆ ಕರೆದ. ಗುಮಾಸ್ತ ರಜೆ, ನೇಮಕದ ಆರ್ಡರು ಇವತ್ತೇ ಹೋಗಬೇಕು.

"ನಿನ್ನ ಅಕ್ಸರ ದುಂಡಗೈತೆ ಪಾಲಯ್ಯ. ಬರ್ದುಕೊಟ್ಟು ಹೋಗಪ್ಪ."

ಓಬಕ್ಕ ಮಗನ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡು ಬೆಂಚಿನ ಮೇಲೆ ಕೂತು, ತಲೆಯೆತ್ತದೆ ಬರೆಯತೊಡಗಿದ. ಓದಲು ಬಾರದ ಓಬಕ್ಕ ಸಾಲುಗಳನ್ನೇ ನೋಡುತ್ತ ನಿಂತಳು. ಅದರಲ್ಲಿ ಬಾಮೈದನ ಹೆಸರು ಯಾವುದು ಎಂದು ಮಗನನ್ನು ಕೇಳುವ ಧೈರ್ಯ ಅವಳಿಗಾಗಲಿಲ್ಲ.