ತೊಟ್ಟಿಲಿಗೆ ಹಾಕದ ಕೂಸುಗಳ ಲೆಕ್ಕ

ತಾಯಿ-ಮಕ್ಕಳ ಆರೋಗ್ಯದ ಟ್ರಸ್ಟಿನ ಶಿವಪ್ರಸಾದರು ಗೋಡೆಯ ಮೇಲೆ ಆ ಚಿತ್ರ ಬಿಟ್ಟಾಗಲೇ ನನ್ನ ಮೈ ಉರಿಯಿತು. ಸಿಂಧನೂರಿನ ಬಾಡಿಗೆ ಸಭಾಂಗಣದಲ್ಲಿ ಐವತ್ತು ಜನ ಕೂತಿದ್ದೆವು, ಎಲ್ಲರ ಕೈಯಲ್ಲೂ ಉಪ್ಪಿಟ್ಟಿನ ತಟ್ಟೆ. ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವುದರೊಳಗೆ ಎಷ್ಟು ಸಾಯುತ್ತವೆ, ದೇಶದೇಶದ ಲೆಕ್ಕ. ಪಾಕಿಸ್ತಾನ ಐವತ್ತು, ಭಾರತ ಇಪ್ಪತ್ತೈದು, ಬಾಂಗ್ಲಾ ಹೆಚ್ಚುಕಡಿಮೆ ಅಷ್ಟೇ, ಶ್ರೀಲಂಕಾ ಆರು, ಜಪಾನ್ ಎರಡು. ಶ್ರೀಲಂಕಾಕ್ಕೂ ಜಪಾನಿಗೂ ನಡುವೆ ಒಂದು ಹಸಿರು ಕಂಬ: ಐದು. ಅದು ನಾವು, ಮಸ್ಕಿ ರಸ್ತೆಯ ಐದು ಹಳ್ಳಿಯವರು.

"ಮೂರು ವರ್ಷದಾಗ ಆರುನೂರು ಹೆರಿಗಿ, ಬರೇ ಮೂರು ಸಾವು," ಎಂದರು ಶಿವಪ್ರಸಾದರು. "ಶ್ರೀಲಂಕಾನ ಹಿಂದ ಹಾಕೀರಿ."

ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ಆ ಐದು ಹಳ್ಳಿಗಳ ಮನೆಮನೆ ತಿರುಗಿ ಟ್ರಸ್ಟಿನ ಫಾರ್ಮ್ ತುಂಬಿದವಳು ನಾನೇ. ಸುಳ್ಳು ಬರೆದಿರಲಿಲ್ಲ, ಹೇಳಿದ್ದನ್ನು ಬರೆದಿದ್ದೆ. ಎಷ್ಟು ಮಕ್ಕಳು ಹುಟ್ಟಿದರು ಎಂದರೆ ನಮ್ಮ ಹೆಂಗಸರು ತೊಟ್ಟಿಲಿಗೆ ಹಾಕಿದವನ್ನಷ್ಟೇ ಹೇಳುತ್ತಾರೆ. ತೊಟ್ಟಿಲು, ಹೆಸರು ಎಲ್ಲ ಹದಿಮೂರನೇ ದಿನ. ಅದಕ್ಕೂ ಮೊದಲು ಹೋದದ್ದು ಹುಟ್ಟೇ ಇಲ್ಲ. ಅದರ ಮಾತೆತ್ತಿದರೆ ಮುಂದಿನ ಕೂಸಿಗೆ ಕೇಡಂತೆ. ಕೂಸುಗಳು ಹೆಚ್ಚಾಗಿ ಸಾಯುವುದೇ ಮೊದಲ ವಾರದಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸುಮ್ಮನಿರುವುದಕ್ಕೆ ನಮ್ಮಲ್ಲಿ ಮರ್ಯಾದೆ ಅನ್ನುತ್ತಾರೆ.

ಚಿತ್ರದ ತುದಿಯಲ್ಲಿ ಒಂದು ಕೆಂಪು ಕಂಬವೂ ಇತ್ತು: ಬಾಂಗ್ಲಾ ಕಡೆಯಿಂದ ಬಂದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪ್, ಮೂವತ್ತು. ನಮ್ಮೂರ ಪಂಚಾಯ್ತಿ ಮೆಂಬರ್ ವೆಂಕೋಬನಿಗೆ ಅದನ್ನು ಕಂಡು ಎಲ್ಲಿಲ್ಲದ ಹುರುಪು ಬಂತು.

"ಬಾಂಗ್ಲಾದವ್ರ ಹಣೇಬಾರ ಇಲ್ಲಿಗೆ ಬಂದ್ರೂ ಬಿಟ್ಟಿಲ್ಲ ನೋಡ್ರಿ," ಎಂದ.

ಕ್ಯಾಂಪಿನ ಸರ್ವೆ ಮಾಡಿದ್ದ ಮಿನತಿ ಮಂಡಲ್ ತಟ್ಟೆ ಕೆಳಗಿಟ್ಟು ಎದ್ದಳು. "ನಮ್ಮ ಅಜ್ಜ ಬಂದು ಐವತ್ತು ವರ್ಷ ಆತು. ನಾ ಹುಟ್ಟಿದ್ದು ಇಲ್ಲೇ. ಒಂದು ತಾಸು ಉಸಿರಾಡಿದ ಕೂಸನ್ನೂ ನಾವು ಬರ್ಸೀವಿ. ನಿಮ್ಮೂರ ಗದ್ದಿಗೆ ನಾಟಿ ಹಚ್ಚಾಕ ಬರ್ತೀವಿ, ಯಾರ ಮನ್ಯಾಗ ಏನಾಗೇತಿ ನಮಗ ಗೊತ್ತಿಲ್ಲೇನು?"

ಇಷ್ಟು ಹೇಳಿ ನನ್ನನ್ನೇ ನೋಡಿದಳು. ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ನನ್ನ ಎರಡನೆಯ ಕೂಸು ಒಂಬತ್ತು ದಿನ ಬದುಕಿತ್ತು. ನನ್ನ ಮನೆಯ ಫಾರ್ಮಿನಲ್ಲಿ ನಾನೇ, ನನ್ನ ಕೈಯಾರೆ, ಹುಟ್ಟಿದ್ದು ಒಂದು ಎಂದು ಬರೆದಿದ್ದೆ.

ಅಷ್ಟರಲ್ಲಿ ಶಿವಪ್ರಸಾದರು ಮುಖ್ಯ ಸುದ್ದಿ ಹೇಳಿದರು. ನಮ್ಮೂರಲ್ಲಿ ನಿಲ್ಲುವ ಟ್ರಸ್ಟಿನ ಗಾಡಿ ಒಂದನೇ ತಾರೀಖಿನಿಂದ, ಸಾವು ಹೆಚ್ಚಿರುವಲ್ಲಿಗೆಂದು, ಕ್ಯಾಂಪಿಗೆ ಹೋಗುತ್ತದೆ. ಆ ಗಾಡಿಯಲ್ಲಿ ನರ್ಸ್ ಇರುತ್ತಾಳೆ, ಆಕ್ಸಿಜನ್ ಇದೆ, ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ ಇದೆ. ನನ್ನ ನಾದಿನಿ ಅಂಬಿಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಕೂತಿದ್ದಾಳೆ. ಹೊಟ್ಟೆಯಲ್ಲಿ ಎರಡು ಕೂಸು, ಎರಡೂ ಸಣ್ಣವು ಎಂದು ಸ್ಕ್ಯಾನಿಂಗಿನಲ್ಲಿ ಬಂದಿದೆ.

ಸಭೆ ಮುಗಿದ ಮೇಲೆ ಶಿವಪ್ರಸಾದರನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿದೆ. "ಸರ್, ನಮ್ಮ ಲೆಕ್ಕ ತಪ್ಪೈತ್ರಿ. ತೊಟ್ಟಿಲಿಗಿಂತ ಮೊದಲು ಸತ್ತಿದ್ದು ಯಾರೂ ಹೇಳಿಲ್ಲ."

"ಸಹಿ ನಿಮ್ಮದೇ ಅಲ್ಲೇನ್ರಿ?"

"ನಂದರೀ."

"ಹಂಗಾರ ಸೋಮವಾರದೊಳಗ ಹೊಸ ಫಾರ್ಮ್ ತರ್ರಿ. ಪ್ರತಿ ತಾಯಿ ಸಹಿ ಇಲ್ಲಾ ಹೆಬ್ಬಟ್ಟು ಇರಬೇಕು. ಬಾಯಿಮಾತು ನಡ್ಯಂಗಿಲ್ಲ." ಲಿಂಗಸುಗೂರಿನ ಬಸ್ಸು ತಪ್ಪುತ್ತದೆಂದು ಅವರು ಇಳಿದೇಬಿಟ್ಟರು.

ನನಗೆ ಗೊತ್ತಿದ್ದ ಮನೆಗಳೇ ಹದಿನಾರು. ಮೂರು ದಿನ ತಿರುಗಿದೆ, ಒಂದು ಹೆಬ್ಬಟ್ಟೂ ಸಿಗಲಿಲ್ಲ. ಒಬ್ಬಳು ಕದ ಹಾಕಿಕೊಂಡಳು. ಒಬ್ಬಳು, ನಿನ್ನ ಬಾಯಿಗೆ ಹುಳ ಬೀಳಲಿ ಎಂದಳು. ವೆಂಕೋಬ ದಾರಿಯಲ್ಲಿ ಬೈಕು ನಿಲ್ಲಿಸಿ, "ಊರಿನ ಮಾನ ತೆಗ್ದು ಬಾಂಗ್ಲಾದವ್ರ ಸಾಲಿಗೆ ನಿಲ್ಲಸ್ತಿ ಏನಬೇ?" ಎಂದ. ಹೌದು, ನಿಲ್ಲಿಸುತ್ತೇನೆ ಎಂದೆ.

ಶನಿವಾರ ಮನೆಗೆ ಬಂದು ನನ್ನ ಹೆಸರಿನ ಹೊಸ ಫಾರ್ಮ್ ತೆಗೆದೆ. ಅತ್ತೆ ಯಂಕಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಬಿಟ್ಟು ಬಂದಳು.

"ಬಸರಿ ಕುಂತಾಳ ಮನ್ಯಾಗ. ಆ ಹಾಳಿ ಒಲಿಗೆ ಹಾಕು."

"ಗಾಡಿ ಹೋದ್ರ ಅಂಬಿಕಾನ್ನ ಎಲ್ಲಿಗೆ ಒಯ್ಯೂಣ್ರಿ ಅತ್ತಿ? ರಸ್ತ್ಯಾಗ ಕೂಸು ತಣ್ಣಗಾದ್ರ?"

"ನಿನ್ನ ಬಾಯಾಗ ಒಳ್ಳೇದು ಬರಂಗೇ ಇಲ್ಲಲ್ಲ."

"ಒಂಬತ್ತು ದಿನ ನನ್ನ ಹಾಲು ಕುಡದೈತಿ. ಬಿಕ್ಕಳಿಕಿ ಬರ್ತಿತ್ತು ಅದಕ್ಕ. ನೀವೇ ಒಣ ಅರಿವ್ಯಾಗ ಸುತ್ತಿಕೊಟ್ರಿ, ಆಮೇಲೆ ನೀವೇ ಹುಟ್ಟೇ ಇಲ್ಲ ಅಂದ್ರಿ." ನನ್ನ ದನಿ ಏರಿತ್ತು. ಎರಡು ವರ್ಷದಿಂದ ಆಕೆಯ ಮೇಲೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸಿಟ್ಟು ಅದು.

ಅಂಬಿಕಾ ಬಾಗಿಲಿಗೆ ಒರಗಿ ನಿಂತಿದ್ದಳು. "ಯವ್ವಾ, ನನಕಿಂತ ಮೊದಲು ನಿನಗೂ ಹಂಗ ಆಗಿತ್ತೇನು?"

ಯಂಕಮ್ಮ ಮಗಳ ಮುಖ ನೋಡದೆ ಹೇಳಿದಳು. "ಮೂರು. ಒಂದು ನಾಕು ದಿನ. ಒಂದು ಒಂದೇ ರಾತ್ರಿ. ಒಂದಕ್ಕ ಹನ್ನೆರಡು ದಿನ ಆಗಿತ್ತು. ಮರುದಿನಕ್ಕಂತ ತೊಟ್ಟಿಲು ತೊಳದಿಟ್ಟಿದ್ದೆ." ನನ್ನ ಕಡೆ ತಿರುಗಿ, "ಬರಿ ಹಂಗಾರ. ಮೂರೂ ಬರಿ. ಹೆಬ್ಬಟ್ಟು ಒತ್ತತೀನಿ," ಎಂದಳು.

ಆಕೆಯ ಮೂವತ್ತು ವರ್ಷದ ಹಿಂದಿನ ಕೂಸುಗಳಿಗೆ ನನ್ನ ಫಾರ್ಮಿನಲ್ಲಿ ಜಾಗ ಇರಲಿಲ್ಲ. "ಅತ್ತಿ, ಇದ್ರಾಗ ಮೂರು ವರ್ಷದ ಈಚೆಗಿನವು ಅಷ್ಟ ಬರ್ತಾವ್ರಿ," ಎಂದೆ.

"ಇಲ್ಲೂ ಬರಂಗಿಲ್ಲೇನು," ಎಂದಳು ಯಂಕಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದಳು. "ನಿಂದು ಬರಿ. ಬರ್ದು ನನ್ನ ಹಿಂದ ಬಾ."

ಆ ಎರಡು ದಿನ ಆಕೆ ಮುಂದೆ, ನಾನು ಹಿಂದೆ. ಹಾಕಿದ ಕದಗಳನ್ನು ಆಕೆ ಬಡಿದು ತೆಗೆಸಿದಳು. "ನಂದು ಮೂರು ಹೋಗ್ಯಾವ, ನಿಂದೆಷ್ಟು ಹೇಳು," ಎಂದು ಬೀದಿಯಲ್ಲೇ ಕೇಳಿದಳು. ಬೈದವರು ಅತ್ತರು, ಕೆಲವರು ಬೈಯುತ್ತಲೇ ಹೆಬ್ಬಟ್ಟು ಒತ್ತಿದರು. ನನ್ನದೂ ಸೇರಿ ಹದಿನೇಳು ಫಾರ್ಮ್ ಆದವು.

ಸೋಮವಾರ ಟ್ರಸ್ಟಿನ ಕೋಣೆಯಲ್ಲಿ ನಾನು ಮತ್ತು ಮಿನತಿ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದೆವು. ಶಿವಪ್ರಸಾದರು ಮೂರಕ್ಕೆ ಹದಿನೇಳು ಕೂಡಿಸಿದರು. ಇಪ್ಪತ್ತು. ಹೆರಿಗೆಗೂ ಹದಿನೇಳು ಕೂಡಿಸಿ ಲೆಕ್ಕ ಹಾಕಿದರೆ ಸಾವಿರಕ್ಕೆ ಮೂವತ್ತೆರಡು. ನಾವು ಶ್ರೀಲಂಕಾ ಬಿಟ್ಟು, ಬಾಂಗ್ಲಾ ದಾಟಿ, ಕ್ಯಾಂಪಿಗಿಂತಲೂ ಎರಡು ಹೆಚ್ಚು ಸಾವಿನಲ್ಲಿ ನಿಂತೆವು.

"ಇರೋದು ಒಂದೇ ಗಾಡಿ," ಎಂದರು ಅವರು. "ಹೆಚ್ಚು ಇದ್ದಲ್ಲಿ ಅಂತ ನಿಯಮ. ನಿಮ್ಮಲ್ಲೇ ಇರ್ಲಿ."

ಮಿನತಿ ಎದ್ದಳು. ಅವಳ ಕ್ಯಾಂಪಿನ ಒಂಬತ್ತು ಕೂಸುಗಳ ಹಾಳೆ ಅವಳ ಕೈಯಲ್ಲೇ ಇತ್ತು.

"ಕೇಳಿದ ದಿನಾನೇ ನಾವು ಹೇಳಿದ್ವಿ," ಎಂದಳು. "ನಿಮಗ ಗಾಡಿ ಹೊಂಟಾಗ ಕೂಸು ನೆನಪಾದ್ವು."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವಳ ಮೇಲೆ, ಶಿವಪ್ರಸಾದರ ಮೇಲೆ, ಒಂದೇ ಗಾಡಿ ಇಟ್ಟುಕೊಂಡು ಹೆಣ ಎಣಿಸುವ ಈ ನಿಯಮದ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಅದರ ಜೊತೆಗೇ, ಹೇಳಲು ನಾಚಿಕೆಯಾಗುವಷ್ಟು, ಸಂತೋಷವೂ ಆಗಿತ್ತು. ಅವಳು ಮೆಟ್ಟಿಲಿಳಿದು ಹೋಗುವವರೆಗೂ ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಅಂಬಿಕಾಗೆ ಫೋನ್ ಹಚ್ಚಿ ಗಾಡಿ ಉಳಿಯಿತು ಎಂದೆ.